ಗುರುತು ಹಾಕದೆ ಬಿಟ್ಟ ಒಂದು ಪದದ ಬಗ್ಗೆ ಕೈಪಿಡಿಯವರಿಗೆ

ಮಾನ್ಯ ಕೈಪಿಡಿಯವರೇ,

ಆಸ್ಪತ್ರೆಯ ಕಿಟಕಿಯಿಂದ ನನ್ನ ಕೈಗೆ ದಯಮಾಡಿಸಿ, ಎರಡು ತಿಂಗಳಿಂದ ನಮ್ಮ ಅಡುಗೆಮನೆಯಲ್ಲಿ ದೇವರ ಪಟದ ಪಕ್ಕದಲ್ಲೇ ಬಿಡಾರ ಹೂಡಿರುವ ತಮಗೆ ಭಕ್ತಿಪೂರ್ವಕ ನಮಸ್ಕಾರಗಳು. ‘ಮಾನಸಿಕ ರೋಗಲಕ್ಷಣಗಳ ಸಾಮಾನ್ಯ ಪದಗಳು: ಮನೆಯವರ ತಿಳಿವಳಿಕೆಗಾಗಿ’ ಎಂಬ ತಮ್ಮ ಪೂರ್ಣ ನಾಮಧೇಯವನ್ನು ಪ್ರತಿ ಸಲ ಬರೆಯಲು, ಹಳ್ಳಿ ಶಾಲೆಯಲ್ಲಿ ಏಳನೇ ತರಗತಿಗೆ ನಿಂತ ನನ್ನ ಕೈಗೆ ತ್ರಾಣವಿಲ್ಲ, ಕ್ಷಮೆಯಿರಲಿ.

ನಮ್ಮ ಜತೆಯಲ್ಲೇ ಇರುವ ನನ್ನ ತಂಗಿ ಹೊಲಿಗೆಯವಳು. ಅವಳು ಊಟ, ನಿದ್ದೆ ಬಿಟ್ಟಳೆಂದು ಕರೆದೊಯ್ದಾಗ ಡಾಕ್ಟರಮ್ಮ ಕಿಟಕಿಯಲ್ಲಿ ತಮ್ಮನ್ನೂ, ಜತೆಗೆ ಇಪ್ಪತ್ತೇಳು ಪದಗಳ ಪಟ್ಟಿಯನ್ನೂ ಕೊಡಿಸಿ, “ಮನೇಲಿ ಗಮನಿಸಿ ಅಮ್ಮಾ, ಕಂಡದ್ದಕ್ಕೆ ಗುರುತು ಹಾಕ್ಕೊಂಡು ಬನ್ನಿ. ವಾರ್ಡಿಗೆ ಸೇರಿಸ್ಬೇಕೋ ಮನೇಲೇ ನೋಡ್ಕೋಬಹುದೋ, ಆಮೇಲೆ ಹೇಳ್ತೀನಿ” ಅಂದರು. ಮನೆಗೆ ಬರುವ ದಾರಿಯುದ್ದಕ್ಕೂ ತಂಗಿ ಆಡಿದ್ದು ಒಂದೇ ಮಾತು: “ಅಕ್ಕಾ, ನನ್ನ ಅಲ್ಲಿ ಬಿಟ್ಟು ಬರ್ಬೇಡ.”

ಸ್ನಾನ ಮಾಡಿ, ದೀಪ ಹಚ್ಚಿ, ತಮ್ಮನ್ನು ಪಾರಾಯಣದಂತೆ ಓದಿದೆ. ತಮ್ಮ ಜ್ಞಾನ ಎಷ್ಟು ದೊಡ್ಡದೆಂದರೆ, ಮೊದಲ ದಿನವೇ ನಮ್ಮ ಮನೆಯಲ್ಲಿ ಆರೋಗ್ಯವಂತರು ಯಾರೂ ಉಳಿಯಲಿಲ್ಲ. ಇನ್ನೊಬ್ಬರ ಮಾತನ್ನೇ ತಿರುಗಿ ಹೇಳುವುದು ಲಕ್ಷಣವೆಂದು ತಾವು ತಿಳಿಸಿದಿರಿ. ನಲ್ಲಿ ರಿಪೇರಿ ಮಾಡುವ ನಮ್ಮ ಯಜಮಾನರು, ನಾನು “ಉಪ್ಪು ತರಬೇಕು” ಎಂದರೆ “ತರಬೇಕು” ಎಂದು ಹೇಳಿ ತರದೆ ಕೂತು ಇಪ್ಪತ್ತೆಂಟು ವರ್ಷವಾಯಿತು. ಒಂದು ಮಾತು ಮುಗಿಯುವ ಮೊದಲೇ ಇನ್ನೊಂದಕ್ಕೆ ಜಿಗಿಯುವ ‘ವಿಚಾರಗಳ ಹಾರಾಟ’ ಎಂಬ ಪದವನ್ನು ತಾವು ಪಕ್ಕದ ಮನೆಯಾಕೆಯನ್ನು ಎದುರಿಗೆ ಕೂರಿಸಿಕೊಂಡೇ ಬರೆದಿರಬೇಕು. ಇಲ್ಲದ ಧ್ವನಿ ಕೇಳಿಸುವ ಪುಟಕ್ಕೆ ಬಂದಾಗ ಮಾತ್ರ ನನ್ನ ಹೆಸರಿಗೇ ಗುರುತು ಹಾಕಲು ಪೆನ್ಸಿಲ್ ಎತ್ತಿದೆ, ಯಾಕೆಂದರೆ ನಾನು ದಿನಾ ಬೆಳಿಗ್ಗೆ ದೇವರ ಹತ್ತಿರ ಮಾತಾಡುವವಳು. ಉತ್ತರ ಬಂದರೆ ಮಾತ್ರ ಲಕ್ಷಣ ಎಂದು ಓದಿದ ಮೇಲೆ, ಆತ ಇಷ್ಟು ವರ್ಷ ಬಾಯಿ ಬಿಡದೆ ಇದ್ದುದಕ್ಕೆ ಮೊದಲ ಬಾರಿಗೆ ಅಡ್ಡಬಿದ್ದೆ.

ಇನ್ನು ತಂಗಿಯ ಪಟ್ಟಿ. ಕಂಡದ್ದನ್ನು ಕಂಡಿಲ್ಲವೆಂದು ಬರೆದರೆ ದೇವರು ಮೆಚ್ಚುವುದಿಲ್ಲವೆಂದು, ಒಂದನ್ನೂ ಮುಚ್ಚಿಡದೆ ಬರೆದೆ. ಹಾಲು ಕೆಟ್ಟಿದೆಯೇನೋ ಎಂದು ಮೂಸಿದಳು, ಸಂಶಯಕ್ಕೆ ಗುರುತು. ಬಡಿಸಲು ಹೋದಾಗಲೆಲ್ಲ “ಬೇಡ ಅಕ್ಕಾ” ಎಂದಳು. ಒಂದೇ ಮಾತನ್ನು ಮತ್ತೆ ಮತ್ತೆ ಆಡುವುದಕ್ಕೆ ಗುರುತು. ಇವತ್ತು ಯಾವ ವಾರ ಎಂದು ಕೇಳಿದಳು; ನನಗೂ ತಿಳಿಯದೆ ಕ್ಯಾಲೆಂಡರ್ ನೋಡಿ ಹೇಳಿ, ಕಾಲದ ಪರಿವೆ ಇಲ್ಲದ್ದಕ್ಕೆ ಅವಳಿಗೇ ಗುರುತು ಹಾಕಿದೆ. ಹೀಗೆ ಇಪ್ಪತ್ತಾರು.

ಪಟ್ಟಿ ನೋಡಿದ ಡಾಕ್ಟರಮ್ಮ, “ಇದು ಇವರೊಬ್ಬರದೋ, ನಿಮ್ಮ ಇಡೀ ಬೀದಿದೋ?” ಎಂದು ಕೇಳಿದರು. ಬೀದಿಯದನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟಿದ್ದೆ, ತೋರಿಸಲಿಲ್ಲ. ಆಮೇಲೆ ಖಾಲಿ ಬಿಟ್ಟಿದ್ದ ಒಂದೇ ಒಂದು ಪದದ ಮೇಲೆ ಬೆರಳಿಟ್ಟು, “ಇದ್ಯಾಕೆ ಬಿಟ್ರಿ? ಇಷ್ಟದ ಕೆಲ್ಸಾನೂ ಬೇಡ ಅನ್ನಿಸೋದಿಲ್ವಾ ಇವರಿಗೆ?” ಅಂದರು.

“ಅದು ಕಾಯಿಲೆ ಅಲ್ಲ ತಾಯಿ, ಸೋಮಾರಿತನ. ಹನ್ನೊಂದು ತಿಂಗಳಾಯ್ತು, ಮಿಷನ್ ಮೇಲೆ ಹೊದಿಸಿದ ಬಟ್ಟೆ ತೆಗೆದಿಲ್ಲ. ಹೊಸ ಬಟ್ಟೆ ವಾಸನೆ ಅಂದ್ರೆ ಪ್ರಾಣ ಬಿಡ್ತಿದ್ದೋಳು, ಈಗ ಕೈಗೆ ಕೊಟ್ರೆ ಗೋಡೆ ಕಡೆ ತಿರುಗಿ ಮಲಗ್ತಾಳೆ. ದಿನಾ ಎಬ್ಬಿಸಿ ಬೈತೀನಿ, ಆದ್ರೂ ಏಳಲ್ಲ” ಎಂದು ಬಹಳ ಜವಾಬ್ದಾರಿಯಿಂದಲೇ ಹೇಳಿದೆ.

ಡಾಕ್ಟರಮ್ಮ ರಬ್ಬರ್ ತೆಗೆದುಕೊಂಡು ನನ್ನ ಗುರುತುಗಳನ್ನು ಬಹುಪಾಲು ಅಳಿಸಿದರು. ನಿದ್ದೆ, ಊಟದ್ದು ಉಳಿದವು. ಖಾಲಿ ಜಾಗದಲ್ಲಿ ಅವರೇ ಒಂದು ಗುರುತು ಹಾಕಿದರು. ತಂಗಿ ಅದನ್ನೇ ನೋಡುತ್ತಾ ಕೂತಿದ್ದು, “ಸೋಮಾರಿ ಅಂತ ನಾನೂ ಅಂದ್ಕೊಂಡಿದ್ದೆ ಅಕ್ಕಾ” ಎಂದು ಅತ್ತಳು. ವಾರ್ಡು ಬೇಡವೆಂದಾಯಿತು. ಅವಳಿಗೆ ಮಾತ್ರೆ ಬರೆದರು. ಬೆಳಗಿನ ಬೈಗುಳವನ್ನು ಪೂರ್ತಿ ನಿಲ್ಲಿಸಬೇಕೆಂದು ನನಗೆ ಹೇಳಿದರು.

ಕೈಪಿಡಿಯವರೇ, ನನ್ನ ದೂರು ಇಷ್ಟೇ. ಆ ಪದವನ್ನು ತಾವು ‘ಸುಖಾನುಭವ ಶೂನ್ಯತೆ’ ಎಂದು ಬರೆದು, ಒಂಬತ್ತನೇ ಪುಟದ ಅಡಿಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಕೂರಿಸಿದ್ದೀರಿ. ‘ಹಿಂದೆ ಇಷ್ಟಪಟ್ಟು ಮಾಡುತ್ತಿದ್ದುದು ಈಗ ರುಚಿಸುವುದಿಲ್ಲ, ಅವರನ್ನು ಬೈಯಬೇಡಿ’ ಎಂದು ಬಸ್ಸಿನ ಬೋರ್ಡಿನಷ್ಟು ದಪ್ಪಕ್ಕೆ ಮುಖಪುಟದಲ್ಲಿ ಬರೆದಿದ್ದರೆ ತಮ್ಮ ಪಾಂಡಿತ್ಯಕ್ಕೆ ಕುಂದು ಬರುತ್ತಿತ್ತೇ? ಇನ್ನು ಮುಂದೆ ತಾವು ಆಸ್ಪತ್ರೆಯ ಕಿಟಕಿಯಲ್ಲಿ ಕಾಯದೆ ಹನ್ನೊಂದು ತಿಂಗಳು ಮುಂಚಿತವಾಗಿಯೇ ಮನೆಮನೆಗೆ ಹೋಗಬೇಕು. ಯಾವ ಅಕ್ಕನಾದರೂ ಬೆಳಿಗ್ಗೆದ್ದು “ಏಳೇ ಸೋಮಾರಿ” ಎಂದು ಬಾಯಿ ತೆರೆದರೆ, ಕಪಾಟಿನಿಂದ ಹಾರಿ ಅವಳ ಬಾಯಿಗೇ ಬಡಿಯಬೇಕು. ಹಾಗೆ ಬೈದು, ಸಂಜೆ ದೀಪ ಹಚ್ಚಿ, ನೆಮ್ಮದಿಯಾಗಿ ಕೈಮುಗಿದವಳಿಗೆ ಒಂದು ಪದವಿದ್ದರೆ ಅದನ್ನೂ ಸೇರಿಸಬೇಕು. ನಾನೇ ಹುಡುಕಿದೆ, ನನ್ನ ಏಳನೇ ತರಗತಿಗೆ ಸಿಗಲಿಲ್ಲ.

ಎಲ್ಲ ಗುರುತುಗಳನ್ನೂ ಹಾಕಿ ಒಂದನ್ನು ಮಾತ್ರ ಬಿಟ್ಟ,
ತಮ್ಮ ವಿಶ್ವಾಸಿ,
ಹೊಲಿಗೆಯವಳ ಅಕ್ಕ

ಮರೆತಿದ್ದ ಮಾತು: ಮಾತ್ರೆ ಶುರುವಾಗಿ ಆರು ವಾರವಾಯಿತು. ಇದನ್ನು ಬರೆಯುತ್ತಿರುವಾಗ ತಂಗಿ ತಮ್ಮೊಳಗೆ ಉಳಿದಿದ್ದ ಒಂದು ಖಾಲಿ ಪಟ್ಟಿ ಎಳೆದುಕೊಂಡು, ಮೇಲೆ ನನ್ನ ಹೆಸರು ಬರೆದು, ‘ತಡೆಯಿಲ್ಲದ ಮಾತು’ ಎಂಬಲ್ಲಿ ಮೂರು ಗುರುತು ಹಾಕಿ, “ಇದಕ್ಕೆ ಮಾತ್ರೆ ಸಾಲಲ್ಲ ಬಿಡು” ಅಂದಳು. ಅವಳು ನನ್ನನ್ನು ಗೇಲಿ ಮಾಡಿ ವರ್ಷದ ಮೇಲಾಗಿತ್ತು. ಇದು ಯಾವ ಲಕ್ಷಣವೆಂದು ತಮ್ಮನ್ನು ಮೊದಲಿಂದ ಕೊನೆಯವರೆಗೆ ಮಗುಚಿ ಹಾಕಿದೆ. ಹದಗೆಡುವುದಕ್ಕೆ ಇಪ್ಪತ್ತೇಳು ಪದ ಇಟ್ಟುಕೊಂಡ ತಮ್ಮಲ್ಲಿ, ಸುಧಾರಿಸುವುದಕ್ಕೆ ಒಂದೂ ಇಲ್ಲವಲ್ಲ.