ಒಂದರ ಪಕ್ಕ ಮೂರು

"ಮಿಸ್ತ್ರಿಯನ್ನ ಕರೆಯೋದೇ ಬೇಡ. ವ್ಯಾನಿನ ಟೈಮಿಂಗ್ ನಾನೇ ಇಡ್ತೀನಿ!"

ಇಸ್ತ್ರಿ ಅಜ್ಜಿ ಈ ಘೋಷಣೆ ಮಾಡಿದ್ದು ಊಟ ಮುಗಿಸಿ ಕೈ ತೊಳೆಯುತ್ತಾ. ನೀರು ಕುಡಿಯುತ್ತಿದ್ದ ಮಗಳಿಗೆ ನೆತ್ತಿಗೆ ಹತ್ತಿತು.

"ಏನಿಡ್ತೀಯಾ?"

"ಟೈಮಿಂಗ್. ಕಿವಿ ಕೇಳಿಸಲ್ವಾ ನಿಂಗೆ?"

ಅದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಮನೆ. ಮುಂದೆ ಅಂಗಡಿ, ಮಧ್ಯೆ ಅಡುಗೆಮನೆ, ಹಿಂದೆ ಒಗೆಯುವ ತೊಟ್ಟಿ ಮತ್ತು ಒಣಹಾಕುವ ಅಂಗಳ. ಆಸ್ಪತ್ರೆಯ ಬೆಡ್‌ಶೀಟುಗಳೆಲ್ಲ ಇಲ್ಲಿಗೇ ಬರಬೇಕು. ನಲವತ್ತು ವರ್ಷ ಇಸ್ತ್ರಿ ಹೊಡೆದು ಹೊಡೆದು ಅಜ್ಜಿಗೆ ಆ ಹೆಸರು ಅಂಟಿಕೊಂಡಿತ್ತು. ಹೋದ ವರ್ಷ ಮಣಿಕಟ್ಟು ಕೈಕೊಟ್ಟಿತು. ಪೆಟ್ಟಿಗೆ ಹಿಡಿಯಲೇಬೇಡಿ ಅಂದರು ಡಾಕ್ಟರು. ಅಂದಿನಿಂದ ಅಜ್ಜಿಗೆ ಉಳಿದದ್ದು ಒಂದೇ ಕೆಲಸ. ಬೆಳಿಗ್ಗೆ ಮಗಳು ವ್ಯಾನ್ ಓಡಿಸುವಾಗ ಪಕ್ಕದ ಸೀಟಿನಲ್ಲಿ ಕೂತು ಆಸ್ಪತ್ರೆಗೆ ಹೋಗುವುದು, ಪಟ್ಟಿಯ ನಂಬರು ನೋಡಿ ವಾರ್ಡುವಾರು ಬೆಡ್‌ಶೀಟು ಎಣಿಸಿ ಕೊಡುವುದು. ಅಜ್ಜಿಗೆ ಅಕ್ಷರ ಅಷ್ಟಕ್ಕಷ್ಟೆ. ಅಂಕಿ ಮಾತ್ರ ಅಂಗೈಯ ಗೆರೆ ಇದ್ದ ಹಾಗೆ!

ಈಗ ಆ ಸೀಟಿಗೇ ಸಂಚಕಾರ ಬಂದಿತ್ತು. ಮೂರು ತಿಂಗಳಿಂದ ವ್ಯಾನು ಆಸ್ಪತ್ರೆಯ ದಿಬ್ಬದಲ್ಲಿ ಟಕಟಕ ಹಲ್ಲು ಕಡಿಯುತ್ತಿತ್ತು, ಅರ್ಧಕ್ಕೇ ಕೂತುಬಿಡುತ್ತಿತ್ತು. ಮಗಳು ರೋಸಿಹೋಗಿದ್ದಳು.

"ನೋಡಮ್ಮ, ನಾಳೆ ಬೆಳಿಗ್ಗೆ ದಿಬ್ಬ ಹತ್ತಿದ್ರೆ ಸರಿ. ಹತ್ತಲಿಲ್ಲ ಅಂದ್ರೆ ಗುಜರಿಯವನು ಬಂದು ಎಳ್ಕೊಂಡು ಹೋಗ್ತಾನೆ. ಅವನಿಗೆ ಹೇಳಿಯಾಗಿದೆ. ಬಟ್ಟೆ ಬಾಡಿಗೆ ಗಾಡೀಲಿ ಹೋಗುತ್ತೆ."

"ಬಾಡಿಗೆ ಗಾಡೀಲಿ ನಾನೆಲ್ಲಿ ಕೂರ್ಲಿ?"

"ನೀನು ಮನೇಲಿ ಆರಾಮಾಗಿ ಕೂತ್ಕೋ."

ಆರಾಮಾಗಿ! ಕಾದ ಇಸ್ತ್ರಿ ಪೆಟ್ಟಿಗೆ ಅಂಗೈಗೆ ತಗುಲಿದಾಗಲೂ ಅಜ್ಜಿಗೆ ಅಷ್ಟು ಉರಿದಿರಲಿಲ್ಲ.

ಮಿಸ್ತ್ರಿಯನ್ನು ಕರೆಯಬಹುದಿತ್ತು. ಪಕ್ಕದ ಬೀದಿಯಲ್ಲೇ ಅವನ ಗ್ಯಾರೇಜು. ಅಜ್ಜಿಯ ಗಂಡ ಇದ್ದಾಗ ಇಬ್ಬರೂ ಒಂದೇ ಬೆಂಚಿನ ಗೆಳೆಯರು. ಆದರೆ ಹೋದ ತಿಂಗಳು ಅವನು ವ್ಯಾನಿನ ಸದ್ದು ಕೇಳಿಯೇ, "ಅತ್ತಿಗೆ, ಇದರ ಆಯುಷ್ಯ ಮುಗೀತು, ಬಿಟ್ಬಿಡಿ," ಅಂದಿದ್ದ. ಗಂಡನ ವಿಷಯದಲ್ಲಿ ಡಾಕ್ಟರು ಹೇಳಿದ್ದೂ ಇದೇ ಮಾತು. ಆ ಮಾತು ಎರಡನೇ ಸಲ ಕೇಳುವ ಮನಸ್ಸು ಅಜ್ಜಿಗೆ ಇರಲಿಲ್ಲ. ಅವತ್ತಿನಿಂದ ಮಿಸ್ತ್ರಿಯ ಜೊತೆ ಮಾತು ಬಿಟ್ಟಿದ್ದಳು.

"ಅಲ್ಲಮ್ಮ, ಟೈಮಿಂಗ್ ಅಂದ್ರೆ ಏನು ಅಂತ ಗೊತ್ತಾ ನಿಂಗೆ?"

"ಗೊತ್ತಿಲ್ದೆ ಏನು? ಇಂಜಿನ್ನೊಳಗೆ ಕಿಡಿ ಹೊತ್ತಿಗೆ ಸರಿಯಾಗಿ ಹಾರ್ಬೇಕು. ಬೇಗ ಹಾರಿದ್ರೆ ಹಲ್ಲು ಕಡಿಯುತ್ತೆ, ತಡವಾದ್ರೆ ದಮ್ಮು ಇರಲ್ಲ. ಮೂವತ್ತೆರಡು ವರ್ಷ ನಿಮ್ಮಪ್ಪ ಟೈಮಿಂಗ್ ಇಡುವಾಗ ದೀಪ ಹಿಡಿದವಳು ನಾನು!"

"ದೀಪ ಹಿಡಿದೋರೆಲ್ಲ ಡಾಕ್ಟರಾಗೋದಾದ್ರೆ ಆಪರೇಷನ್ ಕೋಣೆಯ ಕಂಬಾನೂ ಡಾಕ್ಟರೇ!" ಎಂದು ಮಗಳು ಅಂಗಡಿಗೆ ಹೋದಳು.

ಅಜ್ಜಿ ಸೆರಗು ಬಿಗಿದು ಹಿತ್ತಲಿಗೆ ಇಳಿದಳು. ವ್ಯಾನು ಎಂದಿನಂತೆ ಬೆನ್ನು ಅಂಗಳದ ಕಡೆ ಮಾಡಿ ನಿಂತಿತ್ತು. ಅದರ ಬೆನ್ನ ಹಿಂದೆ ತಂತಿಗಳ ಮೇಲೆ ತೊಂಬತ್ತಾರು ಬಿಳಿ ಬೆಡ್‌ಶೀಟುಗಳು ಬಿಸಿಲಿಗೆ ಮೈಯೊಡ್ಡಿದ್ದವು.

ಒಗೆಯುವ ಮನೆಯವರು ಯಾವುದನ್ನೇ ಬಿಚ್ಚುವ ಮೊದಲು ಗುರುತಿನ ಪಟ್ಟಿ ಕಟ್ಟುತ್ತಾರೆ. ಅಜ್ಜಿಯೂ ಕಟ್ಟಿದಳು. ಇಂಜಿನ್ನಿನ ನಾಲ್ಕು ಪ್ಲಗ್ಗುಗಳ ನಾಲ್ಕು ತಂತಿಗಳಿಗೆ, ಮುಂದಿನಿಂದ ಹಿಂದಕ್ಕೆ, ಕೆಂಪು ದಾರದಲ್ಲಿ ಒಂದು, ಎರಡು, ಮೂರು, ನಾಲ್ಕು. ಆಮೇಲೆ ಪ್ಲಗ್ಗು ಬಿಚ್ಚಿದಳು. ಒಂದನೇ ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿ, ಇನ್ನೊಂದು ಕೈಯಲ್ಲಿ ಇಂಜಿನ್ನಿನ ಹ್ಯಾಂಡಲ್ ತಿರುಗಿಸಿದಳು; ಪ್ಲಗ್ಗಿಲ್ಲದ ಇಂಜಿನ್ನು ನೋವಿನ ಕೈಗೂ ಹಗುರ. ಒಳಗಿನ ಗಾಳಿ ಬೆರಳನ್ನು ದಬ್ಬಿತು. ಅಲ್ಲಿಂದ ಅಂಗುಲ ಅಂಗುಲವಾಗಿ ತಿರುಗಿಸಿ, ಕೆಳಗಿನ ಚಕ್ರದ ಗುರುತನ್ನು ಮುಳ್ಳಿನ ನೇರಕ್ಕೆ ತಂದು ನಿಲ್ಲಿಸಿದಳು. ಕಿಡಿ ಹಂಚುವ ಡಬ್ಬಿಯ ತಂತಿಗೆ ಸಣ್ಣ ಬಲ್ಬು ಸಿಕ್ಕಿಸಿ, ಡಬ್ಬಿಯನ್ನು ಮೆಲ್ಲಗೆ, ಮಲಗಿದ ಮಗುವಿನ ತಲೆ ಹೊರಳಿಸಿದ ಹಾಗೆ, ಹೊರಳಿಸಿದಳು. ಬಲ್ಬು ಹತ್ತಿತು. ಹಿಂದಕ್ಕೆ ತಂದಳು, ಆರಿತು. ಮತ್ತೆ ಹೊರಳಿಸಿದಳು. ಹತ್ತಿದ ಕ್ಷಣದಲ್ಲೇ ಬೋಲ್ಟು ಬಿಗಿದಳು. ಹನ್ನೊಂದು ಸಲ ಪರೀಕ್ಷೆ ಮಾಡಿದಳು. ಹನ್ನೊಂದು ಸಲವೂ ಅದೇ ಜಾಗಕ್ಕೆ ಹತ್ತಿತು. ಪ್ಲಗ್ಗುಗಳನ್ನು ತಿರುಗಿ ಕೂರಿಸಿದಳು.

ಇಷ್ಟಕ್ಕೇ ಕೈ ತೊಳೆದುಕೊಂಡು ಎದ್ದಿದ್ದರೆ ಅಜ್ಜಿಯ ಕೀರ್ತಿ ಮೂರು ಬೀದಿ ದಾಟುತ್ತಿತ್ತು. ಆದರೆ ಡಬ್ಬಿಯ ಮುಚ್ಚಳದ ಧೂಳು ಕಣ್ಣಿಗೆ ಬಿತ್ತು. ಧೂಳು ಕಂಡೂ ಸುಮ್ಮನಿರುವ ಜನ್ಮ ಅಲ್ಲ ಅದು. ಒರೆಸಲೆಂದು ಮುಚ್ಚಳ ಎತ್ತಿ ನೋಡುತ್ತಾಳೆ, ಅದರ ಸುತ್ತ ಸಿಕ್ಕಿಸಿದ್ದ ತಂತಿಗಳ ಪಟ್ಟಿಗಳು ಹೀಗಿವೆ: ಒಂದು, ಮೂರು, ನಾಲ್ಕು, ಎರಡು.

ಅಜ್ಜಿ ಇನ್ನೊಮ್ಮೆ ಓದಿದಳು. ಒಂದರ ಪಕ್ಕ ಮೂರು! ನಾಲ್ಕರ ಪಕ್ಕ ಎರಡು! ಗಂಡನ ಕೈಯಿಂದ ಇಂಥ ತಪ್ಪು! ಪಾಪ, ಆ ಮನುಷ್ಯನಿಗೆ ಎಣಿಕೆ ಯಾವತ್ತೂ ಒಲಿದಿರಲಿಲ್ಲ. ಎಂಟು ದಿಂಬಿನ ಚೀಲ ಎಣಿಸಲು ಕೊಟ್ಟರೆ ಒಮ್ಮೆ ಏಳು ಅನ್ನುತ್ತಿದ್ದ, ಇನ್ನೊಮ್ಮೆ ಒಂಬತ್ತು. ದಿಬ್ಬದಲ್ಲಿ ವ್ಯಾನು ಕೂರುವುದಕ್ಕೆ ಬೇರೆ ಕಾರಣ ಬೇಕೆ?

ಸತ್ತವರ ಮೇಲೆ ಸಿಟ್ಟು ಮಾಡಬಾರದೆಂದು ಅಜ್ಜಿ ಅವನನ್ನು ಅಲ್ಲೇ ಕ್ಷಮಿಸಿದಳು. ತಂತಿಗಳನ್ನೆಲ್ಲ ಕಿತ್ತು ಒರೆಸಿ, ಒಂದು, ಎರಡು, ಮೂರು, ನಾಲ್ಕು ಅಂತ ಶಿಸ್ತಾಗಿ ಸಿಕ್ಕಿಸಿದಳು. ವಾರ್ಡಿನ ಕಪಾಟಿನಲ್ಲಿ ಬೆಡ್‌ಶೀಟು ಜೋಡಿಸಿದಷ್ಟು ಚಂದ!

"ಬಾರೇ, ಕೀಲಿ ತಿರುಗಿಸು! ನಿಮ್ಮಪ್ಪ ಮಾಡಿದ್ದ ತಪ್ಪನ್ನೂ ತಿದ್ದಿಬಿಟ್ಟೆ!"

ಮಗಳು ಬಂದು ಕೀಲಿ ತಿರುಗಿಸಿದಳು. ಇಂಜಿನ್ನು ಒಮ್ಮೆ ಸೀನಿತು. ಮೈ ನಡುಗಿಸಿತು. ಮುಂದಿನಿಂದ ಟುಸ್ಸೆಂದು ಬೆಂಕಿಯ ನಾಲಿಗೆ ಚಾಚಿತು.

"ಅಮ್ಮಾ, ಇದೇನೋ ಬೇರೆ ಥರ ಇದೆ!"

"ಗಂಟಲು ಸರಿ ಮಾಡ್ಕೊಳ್ತಿದೆ. ಬಿಡಬೇಡ, ತಿರುಗಿಸು!"

ತಿರುಗಿಸಿದಳು. ಸೈಲೆನ್ಸರಿನೊಳಗೆ ಢಮಾರ್!

ಮೂವತ್ತೆರಡು ವರ್ಷದ ಮಸಿ ಒಂದೇ ಏಟಿಗೆ ಕೊಳವೆಯಿಂದ ಹೊರಬಿತ್ತು. ಮಾಡಿನ ಪಾರಿವಾಳಗಳು ಹಾರಿಹೋದವು. ಅಂಗಳದಲ್ಲಿ ಕರಿ ಮೋಡ ಎದ್ದಿತು, ನಿಧಾನವಾಗಿ, ಏನೂ ಅವಸರವಿಲ್ಲದೆ, ಬೆಡ್‌ಶೀಟುಗಳ ಮೇಲೆ ಇಳಿಯಿತು.

ಮಗಳು ಕೆಳಗಿಳಿದಳು. ಕೂಗಲಿಲ್ಲ. ಕೂಗಿದ್ದರೆ ಎಷ್ಟೋ ವಾಸಿಯಿತ್ತು.

"ಎಷ್ಟು?" ಅಂದಳು.

"ನಲವತ್ತೊಂದು," ಅಂದಳು ಅಜ್ಜಿ. ಆಗಲೇ ಎಣಿಸಿಯಾಗಿತ್ತು.

ಸದ್ದು ಕೇಳಿ ಮಿಸ್ತ್ರಿ ಒಂದೇ ಕಾಲಿನ ಚಪ್ಪಲಿಯಲ್ಲಿ ಓಡಿ ಬಂದ. "ಅತ್ತಿಗೆ, ಜೀವಕ್ಕೇನೂ ಆಗಿಲ್ವಲ್ಲ?"

ಅಜ್ಜಿ ಉತ್ತರ ಕೊಡಲಿಲ್ಲ. ಮಾತು ಬಿಟ್ಟಿದ್ದು ನೆನಪಿತ್ತು. ಮಿಸ್ತ್ರಿ ಬಾನೆಟ್ಟಿನೊಳಗೆ ಬಗ್ಗಿ, ಹ್ಯಾಂಡಲ್ ತಿರುಗಿಸಿ, ಬಲ್ಬು ಹಚ್ಚಿ ನೋಡಿದ. ಮತ್ತೊಮ್ಮೆ ನೋಡಿದ.

"ಟೈಮಿಂಗ್ ಯಾರು ಇಟ್ಟಿದ್ದು?"

ಅಜ್ಜಿ ನೆಲ ನೋಡುತ್ತಾ, "ನಾನೇ," ಅಂದಳು.

"ಕೂದಲೆಳೆಯಷ್ಟೂ ಆಚೀಚೆ ಇಲ್ಲ! ನನ್ನ ಕೈಯಲ್ಲೂ ಇಷ್ಟು ಚೊಕ್ಕ ಕೂರಲ್ಲ."

ಅಜ್ಜಿಯ ಕತ್ತು ನೆಟ್ಟಗಾಯಿತು. ಮಗಳ ಕಡೆ ಒಂದು ನೋಟ ಬೀರಿಯೂ ಆಯಿತು.

"ಆದ್ರೆ ಈ ತಂತಿ ಹೀಗೆ ಸಿಕ್ಕಿಸಿದ ಮಹಾನುಭಾವರು ಯಾರು?"

ಕತ್ತು ಮತ್ತೆ ಬಾಗಿತು.

ಮಿಸ್ತ್ರಿ ಹಳೇ ಬಟ್ಟೆ ತಗೊಂಡು ಇಂಜಿನ್ನಿನ ಪಕ್ಕೆಯ ಜಿಡ್ಡು ಉಜ್ಜಿದ. ಕಬ್ಬಿಣದಲ್ಲೇ ಎರಕ ಹೊಯ್ದಿದ್ದ ಅಂಕಿಗಳು ಎದ್ದು ಕಂಡವು.

"ಓದಿ ಅತ್ತಿಗೆ. ಅಂಕಿ ತಾನೇ."

"ಒಂದು... ಮೂರು... ನಾಲ್ಕು... ಎರಡು." ಅಜ್ಜಿ ತಲೆಯೆತ್ತಿ ಅಂದಳು, "ಕಾರ್ಖಾನೆಯವರಿಗೂ ಎಣಿಕೆ ಬರಲ್ವಾ?"

ಮಗಳು ನಗು ತಡೆಯಲು ಆಚೆ ತಿರುಗಿದಳು. ಮಿಸ್ತ್ರಿ ಮಾತ್ರ ಗಂಭೀರವಾಗಿಯೇ ಹೇಳಿದ, "ಒದ್ದೆ ಕಂಬಳಿ ನಾಲ್ಕು ಜನ ಹಿಡಿದು ಕೊಡವುವಾಗ ಒಂದೇ ಕಡೆಯೋರು ಸಾಲಾಗಿ ಎಳೀತೀರಾ? ಕಂಬಳಿ ಹರಿದುಹೋಗುತ್ತೆ. ಇವರೊಮ್ಮೆ, ಅವರೊಮ್ಮೆ. ಇಂಜಿನ್ನೂ ಹಾಗೇ. ಏಟು ಹಂಚಿ ಬೀಳ್ಬೇಕು. ಸಾಲಾಗಿ ಬಿದ್ರೆ ತಾಳಲ್ಲ. ಅದಕ್ಕೇ ಒಂದಾದ್ಮೇಲೆ ಮೂರು."

ಅಜ್ಜಿಗೆ ಕಂಬಳಿ ಅರ್ಥವಾಯಿತು. ಅದರ ಜೊತೆಗೆ ಇನ್ನೊಂದೂ ಅರ್ಥವಾಯಿತು. ದಿಂಬಿನ ಚೀಲ ಎಣಿಸಲಾರದ ಆ ಮನುಷ್ಯ ಇದೊಂದನ್ನು ಒಂದು ದಿನವೂ ತಪ್ಪಿರಲಿಲ್ಲ.

"ಅಲ್ಲ ಅತ್ತಿಗೆ, ಅಷ್ಟು ವರ್ಷ ಪಕ್ಕದಲ್ಲೇ ನಿಂತು ದೀಪ ಹಿಡಿದಿರಿ. ಇದು ಕಣ್ಣಿಗೆ ಬೀಳಲೇ ಇಲ್ವಾ?"

"ದೀಪ ಹಿಡಿದವಳು ಇಂಜಿನ್ನನ್ನೇ ನೋಡ್ತಿರ್ಬೇಕು ಅಂತ ಏನಿದೆ?" ಎಂದು ಅಜ್ಜಿ ಮೆಲ್ಲಗೆ ಹೇಳಿ ತಂತಿ ಕೀಳತೊಡಗಿದಳು.

ಮಿಸ್ತ್ರಿ ಪಕ್ಕಕ್ಕೆ ಸರಿದು ಅವಳಿಗೆ ಜಾಗ ಬಿಟ್ಟ.

ತಂತಿಗಳನ್ನು ಅಜ್ಜಿಯೇ ಮರಳಿ ಸಿಕ್ಕಿಸಿದಳು. ಮಗಳು ಕೀಲಿ ತಿರುಗಿಸಿದಳು. ಇಂಜಿನ್ನು ಒಂದೇ ಸಲಕ್ಕೆ ಎದ್ದು, ಎಣ್ಣೆ ಬಿಟ್ಟ ಹೊಲಿಗೆ ಮಿಷನ್ನಿನ ಹಾಗೆ ಸಣ್ಣಗೆ ಓಡಿತು. ಸಂತೋಷಪಡಲು ಯಾರಿಗೂ ಪುರುಸೊತ್ತಿರಲಿಲ್ಲ. ನಲವತ್ತೊಂದು ಬೆಡ್‌ಶೀಟು ಕಾದಿದ್ದವು. ಸೋಡಾ ಹಾಕಿ ಕುದಿಸಿದರು, ಸೋಪು ಹಾಕಿ ಉಜ್ಜಿದರು, ಮತ್ತೆ ಕುದಿಸಿದರು. ಹಿಂಡಲು ಮಿಸ್ತ್ರಿಯೂ ನಿಂತ. ಅವನು ಹಿಂಡಿದ ಮೊದಲನೇ ಬೆಡ್‌ಶೀಟಿನ ಮೇಲೆ ಗ್ರೀಸಿನ ಹತ್ತು ಬೆರಳೂ ಮೂಡಿದವು. ಅದನ್ನು ತೊಟ್ಟಿಗೆ ವಾಪಸ್ಸು ಹಾಕಿ, ಅವನನ್ನೂ ಸೋಪು ಕೊಟ್ಟು ಕೈ ತೊಳೆಯಲು ಕಳಿಸಿದರು. ಬಿಸಿಲು ಇಳಿಯುವ ಹೊತ್ತಿಗೆ ಒಣಗಿದ್ದು ಅರ್ಧ. ಮಿಕ್ಕಿದ್ದನ್ನು ಮಗಳು ಇಸ್ತ್ರಿಯ ಕಾವಿನಲ್ಲೇ ಒಣಗಿಸಿದಳು. ಅಜ್ಜಿ ಒಂದೊಂದನ್ನೇ ಮಡಿಸಿದಳು.

ಬೆಳಿಗ್ಗೆ ತೊಂಬತ್ತಾರು ಬೆಡ್‌ಶೀಟು ಹೇರಿಕೊಂಡು ವ್ಯಾನು ದಿಬ್ಬದ ಬುಡಕ್ಕೆ ಬಂತು. ಅಜ್ಜಿ ಪಕ್ಕದ ಸೀಟಿನ ಅಂಚು ಹಿಡಿದು ಕೂತಳು. ಕೆಳಗಿನ ದೀಪದ ಕಂಬ ದಾಟಿತು. ಯಾವಾಗಲೂ ಕೂತುಬಿಡುತ್ತಿದ್ದ ಜಾಗ ಬಂತು. ಮಗಳು ಗೇರು ಬದಲಿಸಲಿಲ್ಲ. ವ್ಯಾನು ಹಲ್ಲು ಕಡಿಯಲಿಲ್ಲ. ಆ ಜಾಗವನ್ನು ಗುರುತೇ ಇಲ್ಲದವರ ಹಾಗೆ ದಾಟಿ, ಗುಡುಗುಡು ಅನ್ನುತ್ತಾ ಆಸ್ಪತ್ರೆಯ ಗೇಟಿಗೆ ಬಂದು ನಿಂತಿತು.

ಮಗಳು ಫೋನು ತೆಗೆದು ಗುಜರಿಯವನಿಗೆ, "ಬರಬೇಡಪ್ಪ, ಕೊಡಲ್ಲ," ಅಂದಳು. ಆಮೇಲೆ ತಾಯಿಯ ಕಡೆ ತಿರುಗಿ, "ಎಣಿಸೋಕೆ ಇಳೀತೀಯೋ, ಇಲ್ಲೇ ಆರಾಮಾಗಿ ಕೂತಿರ್ತೀಯೋ?"

ಅಜ್ಜಿ ಆಗಲೇ ಬಾಗಿಲು ತೆಗೆದಿದ್ದಳು. ಆ ಬಾಗಿಲು ಅಷ್ಟು ಜೋರಾಗಿ ತೆರೆದದ್ದು ವರ್ಷದಲ್ಲೇ ಮೊದಲು.

ಬಟ್ಟೆ ಕೋಣೆಯ ನರ್ಸಮ್ಮ ಮೇಲಿನ ಬೆಡ್‌ಶೀಟು ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದಳು. ಇನ್ನೊಂದು ಬಿಡಿಸಿದಳು. ಹುಬ್ಬು ಮೇಲೇರಿತು.

"ಅಜ್ಜೀ, ಇಷ್ಟು ವರ್ಷದಲ್ಲಿ ಇಂಥ ಬಿಳುಪು ನಾನು ನೋಡಿಲ್ಲ! ಏನು ಮಾಡಿದ್ರಿ?"

ಅಜ್ಜಿ ಬಾಯಿ ತೆರೆಯುವಷ್ಟರಲ್ಲಿ ಮಗಳು ಮುಖದ ಗೆರೆಯೂ ಅಲುಗಿಸದೆ ಹೇಳಿದಳು, "ಅಮ್ಮ ನಿನ್ನೆ ವ್ಯಾನಿನ ಟೈಮಿಂಗ್ ಇಟ್ರು."

"ಹೌದಾ? ಹಾಗಾದ್ರೆ ಇನ್ಮೇಲೆ ವಾರಕ್ಕೊಂದ್ಸಲ ಇಡೋಕೆ ಹೇಳಿ!"

ಅಜ್ಜಿ ನಗು ಮುಚ್ಚಿಡಲು ತಲೆ ಬಗ್ಗಿಸಿದಳು. ಒಂದು, ಎರಡು, ಮೂರು ಅಂತ ಬೆಡ್‌ಶೀಟು ಎಣಿಸುತ್ತಿದ್ದವಳು ಎಷ್ಟಕ್ಕೆ ನಿಲ್ಲಿಸಿದ್ದೆನೆಂದು ಮರೆತು, ಜೀವಮಾನದಲ್ಲೇ ಮೊದಲ ಸಲ, ಎಣಿಕೆಯನ್ನು ಮೊದಲಿಂದ ಶುರುಮಾಡಿದಳು.