ಉಗುಳಬೇಕಿದ್ದ ಗುಟುಕು

ಬಾಯಿಗೆ ಹಾಕಿಕೊಂಡದ್ದನ್ನು ಉಗುಳಿದರೂ ಸಂಬಳ ಕೊಡುವ ಕೆಲಸವೊಂದು ಈ ಭೂಮಿಯ ಮೇಲಿದೆ ಎಂದು ಚಳ್ಳಕೆರೆಯ ಪಾಲಾಕ್ಷನಿಗೆ ಗೊತ್ತಾದದ್ದು ಮೆಣಸಿನಕಾಯಿ ಬಜ್ಜಿಯ ಪೊಟ್ಟಣದಿಂದ. ಬಜ್ಜಿ ಮುಗಿದ ಮೇಲೆ ಎಣ್ಣೆ ಕುಡಿದ ಪೇಪರಿನ ತುಂಡನ್ನು ಓದಿಯೇ ಬಿಸಾಡುವುದು ಅವನ ಅಭ್ಯಾಸ. ಅದರಲ್ಲಿ ಬರೆದಿತ್ತು: ಕೂನೂರಿನಲ್ಲಿ ಟೀ ರುಚಿ ನೋಡುವುದಕ್ಕೆಂದೇ ಜನರಿದ್ದಾರೆ; ಸಾಲಾಗಿಟ್ಟ ಬಟ್ಟಲುಗಳಿಂದ ಒಂದೊಂದು ಚಮಚ ಸುರ್ರೆಂದು ಹೀರಿ, ಬಾಯಲ್ಲಿ ಹೊರಳಿಸಿ, ಪಿಚಕ್ಕನೆ ಉಗುಳಿ, ಯಾವ ಎಲೆಯ ಯೋಗ್ಯತೆ ಎಷ್ಟೆಂದು ತೀರ್ಪು ಕೊಡುತ್ತಾರೆ.

ಶೇಂಗಾ ಮಂಡಿಯಲ್ಲಿ ಇಪ್ಪತ್ತು ವರ್ಷದಿಂದ ಪಾಲಾಕ್ಷ ಮಾಡುತ್ತಿದ್ದುದೂ ಹೆಚ್ಚುಕಡಿಮೆ ಅದನ್ನೇ. ಒಂದು ಕಾಳು ಬಾಯಿಗೆ ಹಾಕಿ, ಇದು ಪರಶುರಾಂಪುರದ್ದು, ಇದು ರಾಂಪುರದ್ದು ಎಂದು ಹೇಳಿಬಿಡುತ್ತಿದ್ದ. (ಚೀಲದ ಮೇಲೆ ಊರಿನ ಹೆಸರು ಬರೆದಿರುತ್ತಿತ್ತು ಎಂಬುದು ಹಮಾಲರ ಹೊಟ್ಟೆಕಿಚ್ಚಿನ ಮಾತು.) ಇಂಥ ನಾಲಗೆ ಶೇಂಗಾದಲ್ಲಿ ಸವೆಯುತ್ತಿದೆಯಲ್ಲ ಎಂದು ಅವನಿಗೆ ಸಂಕಟವಾಯಿತು. ಕೂನೂರಿಗೆ ಒಂದು ಅರ್ಜಿ ಹೋಯಿತು. ಉತ್ತರ ಬರುವ ತನಕ ಅಭ್ಯಾಸಕ್ಕಿರಲಿ ಎಂದು, ಆ ಕಡೆ ಲಾರಿ ಓಡಿಸುವ ದುರುಗಣ್ಣ ಅಲ್ಲಿಂದಲೇ ಪುಡಿ ಮಾಡದ ಎಲೆ ಟೀಯ ಒಂದು ಡಬ್ಬ ತಂದುಕೊಟ್ಟ. ಪಾಲಾಕ್ಷ ಅದನ್ನು ಟ್ರಂಕಿನಲ್ಲಿಟ್ಟು ಬೀಗ ಜಡಿದು, ಬೀಗದ ಕೈಯನ್ನು ಉಡುದಾರಕ್ಕೆ ಕಟ್ಟಿಕೊಂಡ.

ದಿನಾ ಬೆಳಿಗ್ಗೆ ಒಂದು ಚಿಟಿಕೆ ಎಲೆಯನ್ನು ಗಾಜಿನ ಲೋಟಕ್ಕೆ ಹಾಕಿ, ಕುದಿವ ನೀರು ಹುಯ್ದು, ಮೇಲೆ ತಟ್ಟೆ ಮುಚ್ಚಿ, ಹೆಂಡತಿ ಗೀತಮ್ಮನನ್ನು ಕರೆದು ಪಾಠ ಹೇಳುತ್ತಿದ್ದ. ನಿಜ ಹೇಳಬೇಕೆಂದರೆ ಅದು ನೋಡುವಂತೆಯೇ ಇತ್ತು. ಮುದುಡಿಕೊಂಡಿದ್ದ ಕಪ್ಪು ಎಲೆ, ಆಗತಾನೇ ಹುಟ್ಟಿದ ಕುರಿಮರಿಯ ಕಿವಿಯಂತೆ ಮೆಲ್ಲಗೆ ಬಿಚ್ಚಿಕೊಳ್ಳುತ್ತಿತ್ತು. ನೀರು ಜೇನಿನ ಬಣ್ಣಕ್ಕೆ ತಿರುಗುತ್ತಿತ್ತು. ಸೀಮೆಎಣ್ಣೆ ಸ್ಟವ್ವಿನ ವಾಸನೆಯನ್ನೂ ಸೀಳಿಕೊಂಡು ಒಂದು ಘಮ ಏಳುತ್ತಿತ್ತು.

"ನೀನು ಕಾಸೋದು ಟೀ ಅಲ್ಲ ಕಣೇ, ಫ್ಯಾಕ್ಟ್ರಿ ನೆಲ ಗುಡಿಸಿದ ಧೂಳು" ಎನ್ನುತ್ತಿದ್ದ. ಆಮೇಲೆ ಸುರ್ರೆಂದು ಹೀರಿ, ಹಳೆಯ ಡಾಲ್ಡಾ ಡಬ್ಬಕ್ಕೆ ಉಗುಳುತ್ತಿದ್ದ. ಡಬ್ಬ ಚೆಲ್ಲಿ ತೊಳೆಯುವವಳು ಗೀತಮ್ಮ. (ಉಗುಳುವವನಿಗೆ ಸಂಬಳವಂತೆ. ತೊಳೆಯುವವಳಿಗೆ ಎಷ್ಟು ಎಂದು ಯಾವ ಪೇಪರಿನವನೂ ಬರೆದಿರಲಿಲ್ಲ.)

ಇಷ್ಟರಲ್ಲಿ ಮಗ ಲೋಹಿತನಿಗೆ ಮೊಳಕಾಲ್ಮೂರಿನ ಓಬಯ್ಯನ ಮಗಳು ಮಾಲತಿಯನ್ನು ತರುವ ಮಾತು ಬಂತು. ಹುಡುಗ ಮೋಟರ್ ವೈಂಡಿಂಗ್ ಮಾಡುತ್ತಾನೆ, ಹುಡುಗಿ ಮನೆಯ ಮಗ್ಗದಲ್ಲಿ ರೇಷ್ಮೆ ಸೀರೆ ನೇಯುತ್ತಾಳೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಮನಸಾರೆ ಒಪ್ಪಿದ್ದರು. ಬಾಕಿ ಉಳಿದದ್ದು ಮೊಪೆಡ್ಡು. ಹೆಣ್ಣಿನ ಕಡೆಯವರು ಮೊಪೆಡ್ ಕೊಡಲೇಬೇಕೆಂದು ಪಾಲಾಕ್ಷನೂ ಅವನ ಅಣ್ಣ ಬೋರಣ್ಣನೂ ಕಟ್ಟೆಯ ಮೇಲೆ ಕೂತು ತೀರ್ಮಾನಿಸಿದ್ದರು. (ಕುರಿ ಕೊಂಡವನು ಕೂಡ ಅದನ್ನು ಮನೆಗೆ ಸಾಗಿಸಲು ಲಾರಿ ಕೊಡು ಎಂದು ಕೇಳುವುದಿಲ್ಲ. ಅವನು ಕುರಿಗಾದರೂ ದುಡ್ಡು ಕೊಟ್ಟಿರುತ್ತಾನೆ. ದುಡಿಯುವ ಮಗಳನ್ನು ಬಿಟ್ಟಿ ಕೊಟ್ಟು ಗಾಡಿಯನ್ನೂ ಕೊಡಬೇಕಾದವನು ಹೆಣ್ಣು ಹೆತ್ತವನೊಬ್ಬನೇ.)

ಗೀತಮ್ಮನ ಮದುವೆಯಲ್ಲಿ ಅವಳಪ್ಪ ಹತ್ತು ಕುರಿ ಮಾರಿ ಅಳಿಯನಿಗೆ ಸೈಕಲ್ ಕೊಟ್ಟಿದ್ದ. ಪಾಲಾಕ್ಷನಿಗೆ ಇವತ್ತಿಗೂ ಸೈಕಲ್ ತುಳಿಯಲು ಬರುವುದಿಲ್ಲ. ಅದು ಹಿತ್ತಲಲ್ಲಿ ತುಕ್ಕು ಹಿಡಿದು ಹೀರೆಬಳ್ಳಿಗೆ ಚಪ್ಪರವಾಗಿತ್ತು.

"ಮೊಪೆಡ್ ಗಿಪೆಡ್ ಅಂತ ಬಾಯಿ ಬಿಡಬ್ಯಾಡ್ರಿ" ಎಂದಳು ಗೀತಮ್ಮ. "ಹಿತ್ತಲಾಗೆ ಇನ್ನೊಂದು ಬಳ್ಳಿಗೆ ಜಾಗ ಇಲ್ಲ."

"ಗಂಡಿನ ಕಡೆಯೋರಿಗೂ ಒಂದು ಮರ್ಯಾದೆ ಐತೆ ಕಣೇ."

"ಇದ್ದಿದ್ರೆ ಕೇಳ್ತಿರಲಿಲ್ಲ ಬಿಡ್ರಿ."

ಇವರ ಮನೆತನಗಳಲ್ಲಿ ಒಂದು ಪದ್ಧತಿಯಿದೆ. ಕೊಡುವ ತರುವ ಮಾತು ಮುಗಿಯುವ ತನಕ ಗಂಡಿನ ಕಡೆಯವರು ಹೆಣ್ಣಿನ ಮನೆಯಲ್ಲಿ ನೀರನ್ನೂ ಮುಟ್ಟುವಂತಿಲ್ಲ. ಗಂಡಿನ ತಂದೆಯ ಗಂಟಲಲ್ಲಿ ಒಂದು ಗುಟುಕು ಇಳಿಯಿತೋ, ಸಂಬಂಧ ಒಪ್ಪಿದಂತೆ. ಆಮೇಲೆ ಏನನ್ನೂ ಕೇಳುವ ಹಾಗಿಲ್ಲ. ಹೊರಡುವ ಹಿಂದಿನ ದಿನ ಗೀತಮ್ಮ ಸೀರೆ ತೆಗೆಯಬೇಕೆಂದು ಟ್ರಂಕಿನ ಬೀಗದ ಕೈ ಈಸಿಕೊಂಡಳು. ಒಂದು ಸೀರೆ ತೆಗೆಯಲು ಅವಳಿಗೆ ಬಹಳ ಹೊತ್ತು ಹಿಡಿಯಿತು.

ಗಂಡ ಹೆಂಡತಿ, ಲೋಹಿತ, ಬೋರಣ್ಣ ಮೊಳಕಾಲ್ಮೂರಿನಲ್ಲಿ ಬಸ್ಸಿಳಿದಾಗ ಬಿಸಿಲು ನೆತ್ತಿಗೇರಿತ್ತು. ಓಬಯ್ಯ 'ಬರ್ರಿ ಯಜಮಾನ್ರೆ' ಎಂದು ಕೈಮುಗಿದು ಚಾಪೆ ಹಾಸಿದ. ಗೀತಮ್ಮ ಹುಡುಗಿಯ ಕೈಗುಣ ನೋಡುತ್ತೇನೆಂದು ತನ್ನ ಚೀಲದ ಸಮೇತ ನೇರ ಅಡುಗೆಮನೆಗೆ ಹೋದಳು. ಕಂಬಕ್ಕೊರಗಿ ಕೂತಿದ್ದ ಓಬಯ್ಯನ ತಾಯಿ ಪಾತಮ್ಮ, ಬಂದವರ ಮುಖವನ್ನು ಮಗ್ಗದ ಎಳೆ ಎಣಿಸುವಂತೆ ನೋಡುತ್ತಿದ್ದಳು. ಬೋರಣ್ಣ ಗಂಟಲು ಸರಿಮಾಡಿಕೊಂಡು, ಈಗಿನ ಕಾಲದಲ್ಲಿ ನಡೆದು ಓಡಾಡುವುದು ಎಷ್ಟು ಕಷ್ಟ ಎಂದು ಪೀಠಿಕೆ ಶುರುಮಾಡಿದ.

ಆ ಹೊತ್ತಿಗೆ ಮಾಲತಿ ಟೀ ತಂದಿಟ್ಟಳು; ಮುಟ್ಟುವುದಿಲ್ಲವೆಂದು ಗೊತ್ತಿದ್ದರೂ ಮುಂದಿಡುವುದು ಮರ್ಯಾದೆ. ಗಾಜಿನ ಲೋಟ, ಮೇಲೊಂದು ತಟ್ಟೆ. ತಟ್ಟೆ ಎತ್ತಿದರೆ ಜೇನಿನ ಬಣ್ಣ. ಬೋರಣ್ಣ ಬಗ್ಗಿ ನೋಡಿ, ಮನೆಯ ಎಮ್ಮೆ ಬತ್ತಿದೆಯೇ ಎಂದು ಕೇಳಿದ. ಪಾಲಾಕ್ಷನ ಕಿವಿಗೆ ಅದು ಬೀಳಲಿಲ್ಲ. ಘಮ ಮೂಗಿಗೆ ಏರಿತ್ತು. ಬೆಳಗಿನಿಂದ ಹೊಟ್ಟೆಗೆ ಹನಿ ನೀರಿಲ್ಲ. ಒಂದು ಕಡೆ ಕುಲದ ಕಟ್ಟಳೆ, ಇನ್ನೊಂದು ಕಡೆ ಕಲೆಯ ಕರೆ. ಅವನು ತನ್ನ ಕೈಚೀಲದಿಂದ ಡಾಲ್ಡಾ ಡಬ್ಬವನ್ನು ಹೊರತೆಗೆದ.

"ನಾನು ಕುಡಿಯಲ್ಲ, ಪರೀಕ್ಷೆ ಮಾಡ್ತೀನಿ. ಅದು ಬೇರೆ, ಇದು ಬೇರೆ."

ಬೋರಣ್ಣ ಗಳಿಗೆ ಹೊತ್ತು ಯೋಚಿಸಿ, ಗಂಟಲು ಇಳಿಯದಿದ್ದರೆ ಲೆಕ್ಕಕ್ಕಿಲ್ಲ ಎಂದು ಅಪ್ಪಣೆ ಕೊಟ್ಟ.

ಪಾಲಾಕ್ಷ ಸುರ್ರೆಂದು ಹೀರಿದ, ಹೊರಳಿಸಿದ, ಪಿಚಕ್ಕನೆ ಉಗುಳಿದ. ಓಬಯ್ಯನ ಮುಖ ಬಾಡಿತು. ಮಗಳು ಮಾಡಿದ ಟೀಯನ್ನು ಅವಳ ಮುಂದೆಯೇ ಉಗುಳಿದವರನ್ನು ಅವನು ಕಂಡಿರಲಿಲ್ಲ. ಮಾಲತಿ ನೆಲ ನೋಡಿದಳು. ಲೋಹಿತ ಅಪ್ಪನನ್ನು ನೋಡಿದ. ಅದು ಒಳ್ಳೆಯ ನೋಟವಾಗಿರಲಿಲ್ಲ. ಪಾಲಾಕ್ಷ ಮಾತ್ರ ಕಣ್ಣು ಮುಚ್ಚಿಕೊಂಡು, ಇದು ಕೂನೂರಿನದಲ್ಲ, ಕೂನೂರಿನದನ್ನು ನಾನು ನಿದ್ದೆಯಲ್ಲೂ ಗುರುತಿಸಬಲ್ಲೆ, ಇದು ಡಾರ್ಜಿಲಿಂಗಿನ ಸರಕು ಎಂದು ತೀರ್ಪಿತ್ತ. ಖಾತ್ರಿಗೆಂದು ಇನ್ನೊಮ್ಮೆ ಹೀರಿ, ಉಗುಳಿದ. ಮೂರನೆಯ ಸಲ ಹೀರಿದ. ಹೊರಳಿಸಿದ. ಮತ್ತೂ ಹೊರಳಿಸಿದ. ಡಬ್ಬದ ಕಡೆ ಬಗ್ಗಿದ. ಬಾಯಿ ಬಿಡಲು ಮನಸ್ಸಾಗಲಿಲ್ಲ. ಅವನ ಕುತ್ತಿಗೆಯ ಗಂಟು ಮೇಲಕ್ಕೆ ಹೋಗಿ ಕೆಳಕ್ಕೆ ಬಂತು.

"ತಾಗೇಸಿನಾಡು" ಎಂದಳು ಪಾತಮ್ಮ.

ಕುಡಿದೇಬಿಟ್ಟ ಎಂದು. ಆಂಧ್ರದ ಅಂಚಿನ ಊರು. ಆ ತೆಲುಗನ್ನು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

"ಲೇ ಪಾಲಾಕ್ಷ, ಉಗುಳಲೇ" ಎಂದ ಬೋರಣ್ಣ.

"ಏನು ಉಗುಳ್ಲಣ್ಣ, ಹೋಯ್ತು."

"ಬೀಗರೆ," ಎಂದ ಓಬಯ್ಯ, ಯಜಮಾನ್ರೆ ಎಂಬುದನ್ನು ಅಲ್ಲೇ ಕೈಬಿಟ್ಟು, "ಇನ್ನೊಂದು ಲೋಟ ತರಿಸ್ಲಾ?"

ಗೀತಮ್ಮ ಸಕ್ಕರೆಯ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಮೊದಲ ಚಿಟಿಕೆಯನ್ನು ಬೋರಣ್ಣನ ಬಾಯಿಗೆ ಹಾಕಿದ್ದರಿಂದ ಪೀಠಿಕೆ ಮುಂದುವರಿಯಲಿಲ್ಲ. ಲೋಹಿತ ನಕ್ಕ. ನೆಲ ನೋಡುತ್ತಿದ್ದ ಮಾಲತಿಯೂ ನಕ್ಕಳು. ಪಾಲಾಕ್ಷ ಎರಡನೆಯ ಲೋಟ ಕುಡಿದ. ಮೊಪೆಡ್ಡೇ ಹೋದ ಮೇಲೆ ಇನ್ನೇನು.

ಸಂಜೆ ಮನೆಗೆ ಬಂದವನೇ ಅವನು ಟ್ರಂಕು ತೆಗೆದು, ಸಮಾಧಾನಕ್ಕೆಂದು ತನ್ನ ಡಬ್ಬದ ಟೀ ಮಾಡಿಕೊಂಡ. ಲೋಟವನ್ನು ಮೂಗಿನ ಹತ್ತಿರ ತಂದು ಉಸಿರೆಳೆದ.

"ಅವರ ಮನೇದು ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಆದ್ರೆ ಕೂನೂರಿಂದು ಕೂನೂರಿಂದೇ. ಜಾತಿ ಎಲೆ ಅಂದ್ರೆ ಇದು."

ಬಾಯಿ ತುಂಬ ಹೀರಿದ. ಕಣ್ಣು ಮುಚ್ಚಿ, ಆಹಾ ಎನ್ನುವಂತೆ ತಲೆಯಾಡಿಸಿದ.

"ಅದು ತಂಗಡಿ ಎಲೆ ರೀ" ಎಂದಳು ಗೀತಮ್ಮ, ಸೀರೆ ಮಡಚುತ್ತ. "ಬಳ್ಳಾರಿ ರಸ್ತೆ ಬದಿಯಾಗೆ ಕಿತ್ತು ಒಣಗಿಸಿದ್ದು. ನಿಮ್ಮ ಕೂನೂರಿನ ಎಲೆನ ಮೊಳಕಾಲ್ಮೂರಾಗೆ ಕುಡಿದ್ರಲ್ಲ."

ಪಾಲಾಕ್ಷನ ತಲೆಯಾಟ ನಿಂತಿತು. ಕೆನ್ನೆ ಉಬ್ಬಿಸಿಕೊಂಡು ಡಾಲ್ಡಾ ಡಬ್ಬಕ್ಕಾಗಿ ಸುತ್ತ ತಡಕಾಡಿದ. ಅದು ಬೀಗರ ಮನೆಯ ಚಾಪೆಯ ಪಕ್ಕದಲ್ಲೇ ಉಳಿದಿತ್ತು. ಅಂಗಳಕ್ಕೆ ಓಡೋಣವೆಂದರೆ, ಗೀತಮ್ಮ ಬೆಳಿಗ್ಗೆ ಸಾರಿಸಿ ರಂಗೋಲಿ ಹಾಕಿದ್ದ ಹೊಸ್ತಿಲಿಗೆ ಅಡ್ಡ ಬಂದು ನಿಂತಳು.

ಒಂದೇ ದಿನದಲ್ಲಿ ಎರಡನೆಯ ಸಲ, ಉಗುಳಬೇಕಿದ್ದುದನ್ನು ಅವನು ನುಂಗಿದ.