ಸೆರಗಿಗೆ ಬೆನ್ನು ಹಾಕಿದ ಹುಲಿ

ಈ ವರ್ಷದವರೆಗೆ ನಮ್ಮ ನಡುಮನೆಯ ಗೋಡೆಯ ಮೇಲೆ ಒಂಬತ್ತು ಹುಲಿಗಳಿದ್ದವು. ಹೀಗೆಂದರೆ ನೀವು ನನ್ನನ್ನು ದೊಡ್ಡ ಛಾಯಾಗ್ರಾಹಕನೆಂದು ತಿಳಿದುಬಿಡುವ ಅಪಾಯವಿರುವುದರಿಂದ ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಇದ್ದದ್ದು ಒಂದೇ ಹುಲಿ, ಒಂಬತ್ತು ಸಲ. ಭಾರೀ ಗಾತ್ರದ ಗಂಡು ಹುಲಿ. ಕಬಿನಿ ಕಡೆಯ ಸಫಾರಿ ಜೀಪಿನವರು ಅದಕ್ಕೆ ಯಜಮಾನ ಎಂದು ಹೆಸರಿಟ್ಟಿದ್ದರು. ಒಂಬತ್ತು ಪಟಗಳಲ್ಲೂ ಯಜಮಾನ ಎಡದಿಂದ ಬಲಕ್ಕೆ ನಡೆಯುತ್ತಿದ್ದಾನೆ. ನಮ್ಮ ಗೋಡೆಯ ಬಲಕ್ಕೆ ಅಡುಗೆಮನೆಯ ಬಾಗಿಲು. ಮನೆಗೆ ಬಂದವರು ಇದನ್ನು ಗಮನಿಸಿ ನಕ್ಕರೆ ನನ್ನ ಹೆಂಡತಿ ಪದ್ಮಾ, "ಒಂಬತ್ತನ್ನೂ ನನ್ನ ಮೇಲೇ ಬಿಟ್ಟಿದಾರೆ ನೋಡಿ" ಎಂದು ಹೇಳಿ ಕಾಫಿ ಲೋಟ ಮುಂದಿಡುತ್ತಿದ್ದಳು. ಹುಲಿಗಳೇಕೆ ಎಲ್ಲವೂ ಒಂದೇ ಕಡೆ ಹೊರಟಿವೆ ಎಂಬುದಕ್ಕೆ ನನ್ನ ಬಳಿ ಒಂದು ಕಾರಣವಿತ್ತು. ಆ ಕಾರಣವನ್ನು ಬಹಳ ವರ್ಷ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದೆ. ಈಗ ಯಾರಾದರೂ ಕೇಳಿದರೆ ಕಾಫಿ ಆರಿಹೋಗುತ್ತದೆ, ಮೊದಲು ಕುಡಿಯಿರಿ ಎಂದು ಮಾತು ತಿರುಗಿಸುತ್ತೇನೆ.

ನಾವು ದೊಡ್ಡಬಳ್ಳಾಪುರದ ನೇಕಾರರು. ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಮಗ್ಗಗಳು ಓಡುತ್ತವೆ. ನಮ್ಮಪ್ಪ ಸೀರೆಯ ವಿಷಯದಲ್ಲಿ ಹಲವು ಕಟ್ಟುಪಾಡುಗಳನ್ನು ತಾನೇ ಮಾಡಿಕೊಂಡಿದ್ದ ಮನುಷ್ಯ. ಅದರಲ್ಲೊಂದು, ಅಂಚಿನ ಮೇಲಿನ ಹಂಸವಾಗಲಿ ಆನೆಯಾಗಲಿ ಸೆರಗಿನ ಕಡೆಗೇ ಮುಖ ಮಾಡಿ ನಡೆಯಬೇಕು ಎಂಬುದು. ಒಮ್ಮೆ ಮಗ್ಗಕ್ಕೆ ಚಿತ್ತಾರ ಹೇಳಿಕೊಡುವ ಜಕಾರ್ಡಿನ ತೂತಿನ ಅಟ್ಟೆಗಳನ್ನು ನಾನು ಹಿಂದುಮುಂದಾಗಿ ಕಟ್ಟಿ, ಒಂದು ಸೀರೆಯುದ್ದಕ್ಕೂ ಹಂಸಗಳೆಲ್ಲ ಸೆರಗಿಗೆ ಬೆನ್ನು ಹಾಕಿ ಹೊರಟುಬಿಟ್ಟಿದ್ದವು. ಅಪ್ಪ ಬೈಯಲಿಲ್ಲ. ಸೀರೆಯನ್ನು ಎರಡು ಸಲ ತಿರುಗಿಸಿ ನೋಡಿ, "ಇವು ಎಲ್ಲಿಗೆ ಹೋಗ್ತಾವಂತೆ?" ಎಂದು ಕೇಳಿದರು. ಅಂದಿನಿಂದ ಎಲ್ಲಿ ಪ್ರಾಣಿಯ ಚಿತ್ರ ಕಂಡರೂ ಅದು ಎತ್ತ ಹೊರಟಿದೆ ಎಂದು ನೋಡುವುದು ನನಗೆ ಅಂಟಿಕೊಂಡುಬಿಟ್ಟಿತು. ಕ್ಯಾಮೆರಾ ಹಿಡಿದ ಮೇಲೂ ಅದೇ. ನಮ್ಮಲ್ಲಿ ಸೀರೆ ಹರಡಿದರೆ ಸೆರಗು ಬಲಕ್ಕೆ ಬರುತ್ತದೆ, ಹಾಗಾಗಿ ಬಲಕ್ಕೆ ನಡೆಯುವ ಹುಲಿ ನನ್ನ ಕಣ್ಣಿಗೆ ಸೆರಗಿನ ಕಡೆ ಹೊರಟ ಹುಲಿ. ಎಡಕ್ಕೆ ಹೊರಟದ್ದು ಉಲ್ಟಾ. ಸಫಾರಿಯಿಂದ ಬಂದ ದಿನವೇ ಉಲ್ಟಾ ಹುಲಿಗಳನ್ನೆಲ್ಲ ಒಂದೊಂದಾಗಿ ಅಳಿಸಿ, ಒಳ್ಳೆಯ ಮಾಲು ಮಾತ್ರ ಉಳಿಸಿಕೊಳ್ಳುತ್ತಿದ್ದೆ. ಇದನ್ನು ನಾನು ಅಭಿರುಚಿ ಎಂದು ಕರೆಯುತ್ತಿದ್ದೆ.

ಯಜಮಾನನನ್ನು ಮೊದಲು ನೋಡಿದ್ದು ಅಪ್ಪ ತೀರಿಕೊಂಡ ವರ್ಷ. ಶೆಡ್ಡಿನೊಳಗೆ ಹೋಗಲು ಮನಸ್ಸಾಗುತ್ತಿರಲಿಲ್ಲ. ನನ್ನ ಗೆಳೆಯ ನಂಜುಂಡ ಹೊಸಕೋಟೆಯವನು, ಪಿಲ್ಲಗುಂಪೆಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಅವನಿಗೆ ಮೊದಲಿನಿಂದಲೂ ಕಾಡಿನ ಹುಚ್ಚು. "ಬಾರೋ, ನಾಲ್ಕು ದಿನ ಮಗ್ಗದ ಸದ್ದಿಲ್ಲದ ಕಡೆ ಇದ್ದು ಬರೋಣ" ಎಂದು ಎಳೆದುಕೊಂಡು ಹೋದ. ಎರಡು ದಿನ ಜಿಂಕೆ ನೋಡಿದೆವು. ಮೂರನೆಯ ದಿನ ಬೆಳಿಗ್ಗೆ ಜೀಪು ಓಡಿಸುವ ಮಾದೇವ ಇಂಜಿನ್ ನಿಲ್ಲಿಸಿ ಬೆರಳು ತುಟಿಯ ಮೇಲಿಟ್ಟ. ಲಂಟಾನ ಪೊದೆಯಿಂದ ದಾರಿಗೆ ಇಳಿದ ಪ್ರಾಣಿಯನ್ನು ಕಂಡು ನನಗೆ ಭಯವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಭಯಕ್ಕಿಂತ ಮೊದಲು ಬಂದದ್ದು ಬೇರೆ. ದೊಡ್ಡ ಗಂಡು ಹುಲಿಗೆ ಅವಸರವೆಂಬುದಿಲ್ಲ. ಭುಜ ಒಂದೊಂದಾಗಿ ಏರುತ್ತದೆ, ಇಳಿಯುತ್ತದೆ. ಹತ್ತು ಜನ ಉಸಿರು ಹಿಡಿದು ಕೂತಿದ್ದಾರೆಂಬುದು ಗೊತ್ತಿದ್ದೂ ಯಾರ ಕಡೆಗೂ ನೋಡುವುದಿಲ್ಲ. ನಮ್ಮಪ್ಪ ಬೆಳಿಗ್ಗೆ ಶೆಡ್ಡಿನೊಳಗೆ ಬಂದು, ಕೈ ಹಿಂದೆ ಕಟ್ಟಿಕೊಂಡು ನಾಲ್ಕು ಮಗ್ಗಗಳ ನಡುವೆ ಒಂದು ಸುತ್ತು ಹಾಕುತ್ತಿದ್ದದ್ದು ಹೀಗೆಯೇ. ಆ ದಿನ ನಾನು ಒಂದು ಪಟವನ್ನೂ ತೆಗೆಯಲಿಲ್ಲ. ನಂಜುಂಡ, "ಏನೋ, ಅಳ್ತಾ ಇದೀಯಾ?" ಎಂದು ಕೇಳಿದ. ಧೂಳು ಎಂದೆ. ಆಮೇಲೆ ತಪ್ಪದೆ ವರ್ಷಕ್ಕೆ ಎರಡು ಸಲ ಕಬಿನಿಗೆ ಹೋಗತೊಡಗಿದೆ. ಬೇರೆ ಹುಲಿ ಕಂಡರೆ ನಮಸ್ಕಾರ ಮಾಡುತ್ತಿದ್ದೆ, ಕ್ಯಾಮೆರಾ ಎತ್ತುತ್ತಿದ್ದದ್ದು ಯಜಮಾನನಿಗೆ ಮಾತ್ರ.

ಈ ಹುಚ್ಚಿನಿಂದ ಮನೆಯಲ್ಲಿ ಜಗಳವೇನೂ ಆಗುತ್ತಿರಲಿಲ್ಲ. ಪದ್ಮಾ ಜಗಳವಾಡುವವಳಲ್ಲ, ನೆನಪಿಟ್ಟುಕೊಳ್ಳುವವಳು. ಒಂದು ಸಲ ನಾನು ಕಾಡಿನಲ್ಲಿದ್ದಾಗ ಕುಕ್ಕರಿನ ಆವಿ ಹೊಡೆದು ಅವಳ ಕೈ ಸುಟ್ಟಿತ್ತು. ಊರಿಗೆ ಬಂದವನು ಒಂದು ಗಂಟೆ ಯಜಮಾನನ ಬಗ್ಗೆ ಹೇಳಿದ ಮೇಲೆ ಬ್ಯಾಂಡೇಜು ನೋಡಿ, "ಇದೇನಾಯ್ತು?" ಎಂದೆನಂತೆ. ಅಂತೆ ಎಂದು ಏಕೆ ಹೇಳುತ್ತೇನೆಂದರೆ ನನಗೆ ನೆನಪಿಲ್ಲ, ಅವಳಿಗಿದೆ. ನಾಲ್ಕು ವರ್ಷದ ಹಿಂದೆ ಅವಳೂ ಒಂದು ಸಲ ನನ್ನ ಜೊತೆ ಬಂದಳು. ಆ ಸಂಜೆ ಯಜಮಾನ ಹಿನ್ನೀರಿನ ದಂಡೆಯಲ್ಲಿ ಬಲಕ್ಕೆ ನಡೆದು, ನಿಂತು, ತಿರುಗಿ, ಬಂದ ದಾರಿಯಲ್ಲೇ ಹೊರಟ. ಅವನು ತಿರುಗಿದ ಕೂಡಲೇ ನಾನು ಕ್ಯಾಮೆರಾ ಇಳಿಸಿದೆ. ಆಗ ಪದ್ಮಾ ಮೊಬೈಲಿನಲ್ಲಿ ಒಂದೇ ಒಂದು ಪಟ ತೆಗೆದಳು. ಮನೆಯಲ್ಲಿ ಸೀರೆ ಮಡಿಸುವ ಮೊದಲು ಎಳೆ ತಪ್ಪಿದೆಯೇ ಎಂದು ಬೆಳಕಿಗೆ ಹಿಡಿದು ನೋಡುವವಳು ಅವಳೇ. ಪಟವನ್ನು ದೊಡ್ಡದು ಮಾಡಿ, "ಭುಜದ ಹತ್ರ ಎಳೆ ಬಿಟ್ಟಿದೆ ನೋಡ್ರಿ" ಎಂದಳು. ನಾನು ನೋಡಿದ್ದು ಎರಡನ್ನೇ: ಹುಲಿ ಉಲ್ಟಾ, ಪಟ ಮಸುಕು. "ಇದನ್ನ ಯಾಕೆ ಇಟ್ಕೋತೀಯ, ತೆಗೆದುಹಾಕು" ಎಂದೆ. ಅವಳು ತೆಗೆದುಹಾಕಿದಳು. ಮತ್ತೆ ಕಾಡಿಗೆ ಬರುತ್ತೀಯಾ ಎಂದು ಕರೆದಾಗಲೆಲ್ಲ ಮಗ್ಗ ನೋಡಿಕೊಳ್ಳುವವರು ಯಾರು ಎಂದು ಕೇಳಿದಳು.

ಈ ವರ್ಷ ಒಂದು ಬುಧವಾರ ಬೆಳಿಗ್ಗೆ ಕರೆಂಟ್ ಹೋಗಿ ಮಗ್ಗಗಳು ನಿಂತಿದ್ದವು. ಆ ಸದ್ದಿಲ್ಲದ ಹೊತ್ತಿನಲ್ಲಿ ಮಾದೇವನ ಫೋನ್ ಬಂತು. "ಅಣ್ಣಾ, ಕಾಡಂಚಲ್ಲಿ ಒಂದು ದೊಡ್ಡ ಗಂಡು ಸತ್ತೋಗದೆ. ವಯಸ್ಸಾಗಿತ್ತಂತೆ, ಇನ್ನೊಂದರ ಜೊತೆ ಕಾದಾಡಿರೋ ಗಾಯ ಅದೆ. ಯಾರೋ ಪಟ ಕಳಿಸವ್ರೆ. ಇಲಾಖೆಯವ್ರು ಅವ್ರ ಲೆಕ್ಕದಾಗೆ ನೋಡಿ ಹೇಳ್ತಾರೆ, ಅದಕ್ಕೆ ದಿನ ಹಿಡೀತದೆ. ನಂಗೆ ತಡೀಯಕ್ಕಾಗ್ತಿಲ್ಲ. ನಿಮ್ಮತ್ರ ಯಜಮಾನನ ಪಟ ಅಷ್ಟೊಂದವಲ್ಲ, ಪಟ್ಟೆ ಹೋಲಿಸಿ ನೋಡಿ." ಹೋದ ಎರಡು ಸಫಾರಿಗಳಲ್ಲಿ ನಮಗೆ ಯಜಮಾನ ಕಂಡಿರಲಿಲ್ಲ. ಅವನು ಕಳಿಸಿದ ಪಟವನ್ನು ಮೊಬೈಲಿನಲ್ಲಿ ತೆರೆದೆ. ಒಣಹುಲ್ಲಿನ ಮೇಲೆ ಬಲ ಮಗ್ಗುಲಿಗೆ ಮಲಗಿದ ಹುಲಿ. ಮುಖ ಹುಲ್ಲಿನಲ್ಲಿ ಹುದುಗಿತ್ತು. ಕಾಣುತ್ತಿದ್ದದ್ದು ಎಡ ಮಗ್ಗುಲು ಮಾತ್ರ. ಗೋಡೆಯ ಮೇಲೆ ಒಂಬತ್ತು, ಹಾರ್ಡ್ ಡಿಸ್ಕಿನಲ್ಲಿ ಇನ್ನೂ ನೂರಾರು ಯಜಮಾನರಿದ್ದರು. ಎಲ್ಲವೂ ಬಲ ಮಗ್ಗುಲು.

ಇಲ್ಲಿ ನಾನು ಮಾಡಿದ ಕೆಲಸವನ್ನು ನೇಕಾರನಲ್ಲದೆ ಇನ್ನಾರೂ ಮಾಡಲಾರರು. ಬಟ್ಟೆಯನ್ನು ಮಗುಚಿದರೆ ಅದೇ ಚಿತ್ತಾರ ಉಲ್ಟಾ ಕಾಣುತ್ತದೆ. ಹಾಗಾಗಿ ನನ್ನ ಪಟವೊಂದನ್ನು ಮೊಬೈಲಿನಲ್ಲಿ ಕನ್ನಡಿಯಂತೆ ತಿರುಗಿಸಿ, ಸತ್ತ ಹುಲಿಯ ಪಕ್ಕದಲ್ಲಿಟ್ಟು ಒಂದೊಂದೇ ಪಟ್ಟೆ ಹೋಲಿಸಿದೆ. ಒಂದೂ ಕೂಡಲಿಲ್ಲ. ಎದೆಯ ಮೇಲಿನ ಕಲ್ಲು ಇಳಿಯಿತು. ಮಾದೇವನಿಗೆ ಫೋನ್ ಮಾಡಿ, "ನಮ್ಮ ಯಜಮಾನ ಅಲ್ಲಪ್ಪ, ನಾನು ಗ್ಯಾರಂಟಿ ಕೊಡ್ತೀನಿ" ಎಂದೆ. ಅವನು, "ಬದುಕಿಸಿದ್ರಿ ಅಣ್ಣಾ" ಎಂದ. ಆಚೆ ಹೋಗಿ ಹೋಟೆಲಿನಲ್ಲಿ ಕೇಸರಿಬಾತ್ ತಿಂದು, ಮನೆಗೂ ಕಟ್ಟಿಸಿಕೊಂಡೆ. ಅಲ್ಲಿಂದಲೇ ನಂಜುಂಡನಿಗೆ ಫೋನ್ ಮಾಡಿ ನನ್ನ ಜಾಣತನವನ್ನು ವಿವರಿಸಿದೆ. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ, "ಲೇ, ಹುಲಿ ಏನು ಸೀರೆನಾ? ಅದರ ಎರಡು ಮಗ್ಗುಲಿನ ಪಟ್ಟೆ ಬೇರೆಬೇರೆ ಕಣೋ. ನಿನಗೆ ಗೊತ್ತಿಲ್ವಾ?" ಎಂದ. ಗೊತ್ತಿತ್ತು. ಸಫಾರಿಯಲ್ಲಿ ಮಾದೇವನೇ ಎಷ್ಟೋ ಸಲ ಹೇಳಿದ್ದ. ಆದರೆ ಆ ಬೆಳಿಗ್ಗೆ ಗೊತ್ತಿರುವುದು ನನಗೆ ಬೇಕಾಗಿರಲಿಲ್ಲ. ಯಜಮಾನ ಬದುಕಿರುವುದು ಬೇಕಾಗಿತ್ತು.

ಮನೆಗೆ ಬಂದು ಹಾರ್ಡ್ ಡಿಸ್ಕನ್ನೆಲ್ಲ ಜಾಲಾಡಿದೆ. ಎಡಕ್ಕೆ ನಡೆಯುವ ಒಬ್ಬ ಯಜಮಾನನಾದರೂ ತಪ್ಪಿ ಉಳಿದಿರಬಹುದು ಎಂಬ ಆಸೆ. ಬೇರೆ ಯಾವ ಕೆಲಸದಲ್ಲೂ ನಾನು ಅಷ್ಟು ಅಚ್ಚುಕಟ್ಟಲ್ಲ. ಮಗ್ಗಕ್ಕೆ ಎಣ್ಣೆ ಹಾಕುವುದನ್ನು ಮರೆಯುತ್ತೇನೆ, ಗ್ಯಾಸ್ ಬುಕ್ ಮಾಡುವುದನ್ನು ಮರೆಯುತ್ತೇನೆ. ಉಲ್ಟಾ ಹುಲಿಗಳನ್ನು ಅಳಿಸುವುದರಲ್ಲಿ ಮಾತ್ರ ಒಂದು ಸಲವೂ ತಪ್ಪಿರಲಿಲ್ಲ. ಅಷ್ಟು ವರ್ಷ ಅವನು ನನ್ನ ಮುಂದೆ ಎರಡು ಕಡೆಗೂ ನಡೆದಿದ್ದ. ಅರ್ಧವನ್ನು ನಾನೇ ಕೈಯಾರೆ ಇಲ್ಲವಾಗಿಸಿದ್ದೆ. ನನಗೆ ನಿಜವಾಗಿಯೂ ಸಂಕಟವಾಯಿತು. ಅಪ್ಪನ ಮುಖವನ್ನು ನೆನಪಿಸಿಕೊಳ್ಳಲು ನೋಡಿದೆ, ಬರೀ ನಡಿಗೆ ನೆನಪಾಯಿತು.

ಪದ್ಮಾ ಸೀರೆ ಮಡಿಸುತ್ತ ಇದನ್ನೆಲ್ಲ ನೋಡುತ್ತಿದ್ದಳು. ಕೇಸರಿಬಾತಿನ ಪೊಟ್ಟಣ ಬಿಚ್ಚಿರಲಿಲ್ಲ. "ಆವತ್ತು ನಾನು ತೆಗೆದಿದ್ದು ಆ ಕಡೆದಲ್ವಾ?" ಎಂದಳು.

"ಅದನ್ನ ನಾನೇ ತೆಗೆಸಿಬಿಟ್ನಲ್ಲ" ಎಂದೆ.

"ನನ್ನ ಫೋನಿಂದ ಅಷ್ಟೇ ತೆಗೆದುಹಾಕಿದ್ದು. ಅದಕ್ಕೆ ಮುಂಚೆ ರಾಧಂಗೆ ಕಳಿಸಿದ್ದೆ."

ರಾಧಾ ಅವಳ ತಂಗಿ, ಹಿಂದೂಪುರಕ್ಕೆ ಕೊಟ್ಟಿದೆ. ಫೋನ್ ಮಾಡಿದರೆ ಅವಳು, "ಅಯ್ಯೋ ಬಾವಾ, ಆ ಪುಲಿ ಫೋಟೋನಾ? ಅದು ನಮ್ಮ ಪೂಜೆ ರೂಮಲ್ಲಿದೆ. ಅಕ್ಕ ತೆಗೆದಿದ್ದು ಅಂತ ಪ್ರಿಂಟ್ ಹಾಕ್ಸಿ ಅಮ್ಮನೋರ ಪಕ್ಕ ಇಟ್ಟೀನಿ" ಎಂದಳು. ದೇವಿಯ ವಾಹನವೆಂದು ನಾಲ್ಕು ವರ್ಷದಿಂದ ಅವಳು ಯಜಮಾನನಿಗೆ ಕುಂಕುಮ ಇಡುತ್ತಿದ್ದಳು. ಫೋನಿನಲ್ಲಿದ್ದ ಮೂಲ ಚಿತ್ರವನ್ನು ಹುಡುಕಿ ಕಳಿಸಿದಳು. ಮಸುಕಾಗಿಯೇ ಇತ್ತು, ಆದರೆ ನಾನು ಅಂದುಕೊಂಡಷ್ಟಲ್ಲ. ಪದ್ಮಾ ಎರಡೂ ಚಿತ್ರಗಳನ್ನು ದೊಡ್ಡದು ಮಾಡಿ, ಬಟ್ಟೆಯ ಮೇಲೆ ಓಡಿಸುವಂತೆಯೇ ಬೆರಳು ಓಡಿಸಿ ಒಂದು ಕಡೆ ನಿಲ್ಲಿಸಿದಳು. ಎಡ ಭುಜದ ಮೇಲೆ ಎರಡು ಪಟ್ಟೆಗಳು ಕೂಡುವಲ್ಲಿ ಒಂದು ಸಣ್ಣ ಬಿಡುವು, ಒಂದು ಎಳೆ ತಪ್ಪಿದಷ್ಟು. ಒಣಹುಲ್ಲಿನ ಮೇಲೆ ಮಲಗಿದ್ದವನ ಭುಜದಲ್ಲೂ ಅದೇ ಬಿಡುವಿತ್ತು. ಅವಳು ಬೆರಳನ್ನು ಅಲ್ಲಿಯೇ ಇಟ್ಟುಕೊಂಡಿದ್ದಳು.

ಗ್ಯಾರಂಟಿ ಕೊಟ್ಟವನೇ ಫೋನ್ ಮಾಡಬೇಕಲ್ಲ, ಮಾಡಿದೆ. ಮಾದೇವ, "ನಂಗೆ ಗೊತ್ತಿತ್ತು ಅಣ್ಣಾ. ನೀವು ಅಲ್ಲ ಅಂದ್ರಲ್ಲ, ಒಪ್ಪತ್ತಾದ್ರೂ ನೆಮ್ಮದಿಯಾಗಿದ್ದೆ" ಎಂದ. ನನ್ನ ಪೆದ್ದತನದಿಂದ ಯಾರಿಗಾದರೂ ಉಪಕಾರವಾದದ್ದು ಅದೊಂದೇ ಸಲ ಇರಬೇಕು. ಅಪ್ಪ ಹೋದಾಗ ಬಂದವರಿಗೆಲ್ಲ ಕಾಫಿ ಮಾಡಿಸುತ್ತ ಓಡಾಡಿದ್ದ ನಾನು, ಆ ದಿನ ನಡುಮನೆಯಲ್ಲಿ ಕೂತು ಅತ್ತೆ. ಕರೆಂಟ್ ಬಂದು ಮಗ್ಗಗಳು ಶುರುವಾದವು. ಹೊರಗೆ ಕೇಳಿಸುವುದಿಲ್ಲವೆಂಬ ಧೈರ್ಯದಲ್ಲಿ ಇನ್ನೂ ಸ್ವಲ್ಪ ಅತ್ತೆ.

ಪದ್ಮಾ ತೆಗೆದ ಪಟವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಚೌಕಟ್ಟು ಕಟ್ಟಿಸಿ, ಮರುವಾರ ಗೋಡೆಯ ಮೇಲೆ ಹತ್ತನೆಯದಾಗಿ ತೂಗುಹಾಕಿದೆ. ಒಂಬತ್ತು ಯಜಮಾನರು ಅಡುಗೆಮನೆಗೆ ಹೊರಟಿದ್ದಾರೆ, ಒಬ್ಬ ಮಾತ್ರ ಅವರ ಎದುರಿಗೆ ಬರುತ್ತಿದ್ದಾನೆ. ಸ್ಟೂಲಿನಿಂದ ಇಳಿದು ಅವಳ ಪಕ್ಕ, ನನ್ನ ಯಾವತ್ತಿನ ಜಾಗದಲ್ಲಿ ಕೂತು, ಇನ್ನು ಮುಂದೆ ಯಾವುದನ್ನೂ ಒಂದೇ ಮಗ್ಗುಲಿನಿಂದ ನೋಡುವುದಿಲ್ಲ ಎಂಬರ್ಥದ ದೊಡ್ಡ ಮಾತೊಂದನ್ನು ಆಡಿದೆ. ಅವಳು ಪಟದಿಂದ ಕಣ್ಣು ತೆಗೆಯದೆ, "ಕುಕ್ಕರ್ ಆವಿ ಹೊಡೀತಲ್ಲ, ಅದರ ಕಲೆ ನನ್ನ ಯಾವ ಕೈಲಿದೆ ಹೇಳಿ" ಎಂದಳು. ನಾನು ಕೂತ ಕಡೆಯಿಂದ ಕಾಣುತ್ತಿದ್ದದ್ದು ಅವಳ ಬಲಗೈ. ಅದರಲ್ಲಿ ಬಳೆಗಳು ಬಿಟ್ಟು ಏನೂ ಇರಲಿಲ್ಲ. ಎಡಗೈ ಎಂದು ಊಹಿಸಿ ಹೇಳಬಹುದಾಗಿತ್ತು, ಪಾಸೂ ಆಗುತ್ತಿದ್ದೆ. ಹೇಳಲಿಲ್ಲ. ಎದ್ದು, ಅವಳ ಹಿಂದಿನಿಂದ ಸುತ್ತಿ ಬಂದು, ಇಷ್ಟು ವರ್ಷ ಕೂರದಿದ್ದ ಆ ಕಡೆ ಕೂತು ನೋಡಿದೆ. ಮಣಿಕಟ್ಟಿನಿಂದ ಮೊಣಕೈವರೆಗೂ ಇತ್ತು.